ಹಲ್ಲಿಯಪ್ಪನ ಅಂಗೈ

ನಿಮ್ಮ ತಮ್ಮ ಏನು ಕೆಲಸ ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ನಮ್ಮಮ್ಮ ಗಂಟಲು ಸರಿಮಾಡಿಕೊಂಡು, "ಬಾಹ್ಯಾಕಾಶದ ಕಡೆ ಕೆಲಸ" ಎನ್ನುತ್ತಿದ್ದಳು. ಕೇಳಿದವರು ಹುಬ್ಬೇರಿಸಿ "ಹೌದಾ! ರಾಕೆಟ್ಟಾ?" ಎನ್ನುವಷ್ಟರಲ್ಲಿ, ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾದವಳ ಹಾಗೆ ಒಳಗೆ ಹೋಗಿಬಿಡುತ್ತಿದ್ದಳು. ನನಗೆ ಈ ಮುಚ್ಚುಮರೆ ಆಗಿಬರುವುದಿಲ್ಲ. "ಮಾಮ ಹಲ್ಲಿ ಸಾಕ್ತಾನೆ" ಎಂದು ನಾನೇ ಹೇಳಿಬಿಡುತ್ತಿದ್ದೆ. ಬಂದವರು ನಗಬೇಕೋ ಬೇಡವೋ ತಿಳಿಯದೆ ನೀರು ಕುಡಿಯುತ್ತಿದ್ದರು. ಆಮೇಲೆ ಅಮ್ಮ, ನಾನು ಇಷ್ಟು ದೊಡ್ಡವಳಾಗಿದ್ದರೂ, ನನ್ನ ತೊಡೆ ಚಿವುಟುತ್ತಿದ್ದಳು.

ಅಮ್ಮನ ಮಾತೂ ಸುಳ್ಳಲ್ಲ, ನನ್ನ ಮಾತೂ ಸುಳ್ಳಲ್ಲ. ಊರ ಅಂಚಿನಲ್ಲಿ ಒಂದು ಸಂಶೋಧನಾಲಯ ಇತ್ತು. ಬಾಹ್ಯಾಕಾಶಕ್ಕೆ ಹೋಗುವ ಸಾಮಾನುಗಳನ್ನು ಯಾವುದರಿಂದ ಮಾಡಬೇಕು, ಹೇಗೆ ಮಾಡಬೇಕು ಎಂದು ತಲೆ ಕೆಡಿಸಿಕೊಳ್ಳುವುದೇ ಅಲ್ಲಿಯವರ ಕೆಲಸ. ಮಾಮ ಇದ್ದ ಮಹಡಿಯಲ್ಲಿ ಒಂದು ಉದ್ದನೆಯ ಕಾರಿಡಾರು. ಆ ಕಾರಿಡಾರಿನಲ್ಲಿದ್ದವರೆಲ್ಲ ಒಂದು ಲೆಕ್ಕದಲ್ಲಿ ಕಳ್ಳರೇ. ಒಂದೊಂದು ಕೋಣೆಯವರೂ ಯಾವುದೋ ಒಂದು ಜೀವಿಯ ಗುಟ್ಟು ಕದಿಯಲು ಹೊಂಚು ಹಾಕಿ ಕೂತಿದ್ದರು. ಮೊದಲ ಕೋಣೆ ಜೇನುಗೂಡಿನವರದು. ತೆಳ್ಳನೆ ಲೋಹದ ಹಾಳೆಯನ್ನು ಆರು ಮೂಲೆಯ ಗೂಡುಗಳಾಗಿ ಮಡಿಸಿ, ಎರಡೂ ಕಡೆ ಇಂಗಾಲದ ನಾರಿನ ಹಾಳೆ ಅಂಟಿಸಿ, ಒಂದೇ ಕೈಯಲ್ಲಿ ಎತ್ತಬಹುದಾದ ಆದರೆ ಮೇಲೆ ಜನ ಹತ್ತಿ ನಿಂತರೂ ಬಾಗದ ಹಲಗೆ ಮಾಡುತ್ತಿದ್ದರು. ಪಕ್ಕದವರು ಕಪ್ಪೆಚಿಪ್ಪಿನವರು. ಚಿಪ್ಪಿನ ಒಳಗಿರುವ ಹಾಗೆ ಗಟ್ಟಿ ಪದರ, ಮೆತ್ತನೆ ಪದರ, ಮತ್ತೆ ಗಟ್ಟಿ ಪದರ ಎಂದು ಪೇರಿಸಿ, ಬಿರುಕು ಬಿಟ್ಟರೂ ಚೂರಾಗದ ಬಿಲ್ಲೆಗಳನ್ನು ಸುಡುತ್ತಿದ್ದರು. ಅವರಾಚೆ ಎಲೆಯವರು. ಮೊಗ್ಗಿನೊಳಗೆ ಎಳೆ ಎಲೆ ಹೇಗೆ ಮಡಚಿಕೊಂಡಿರುತ್ತದೆಂದು ನೋಡಿ ನೋಡಿ, ಸೂರ್ಯನ ಬಿಸಿಲು ಹಿಡಿಯುವ ದೊಡ್ಡ ಫಲಕವನ್ನು ಸಣ್ಣ ಪೆಟ್ಟಿಗೆಯೊಳಗೆ ಮಡಚಲು ಕಲಿಯುತ್ತಿದ್ದರು. ಆದರೆ ಜೇನುಗೂಡಿನವರ ಕೋಣೆಯಲ್ಲಿ ಹುಡುಕಿದರೂ ಒಂದು ಜೇನುಹುಳ ಸಿಗುತ್ತಿರಲಿಲ್ಲ, ಎಲೆಯವರ ಕೋಣೆಯಲ್ಲಿ ಒಂದು ಹಸಿರು ಕಡ್ಡಿ ಇರಲಿಲ್ಲ. ಉಸಿರಾಡುವ ಜೀವ ಅಂತ ಇದ್ದದ್ದು ಕೊನೆಯ ಕೋಣೆಯಲ್ಲಿ ಮಾತ್ರ. ಅಲ್ಲಿ ಹಲ್ಲಿಗಳಿದ್ದವು, ಮಾಮ ಇದ್ದ.

ಹಲ್ಲಿ ಯಾಕೆ ಎಂದು ನಾನು ಮೊದಲ ಸಲ ಕೇಳಿದಾಗ ಮಾಮನ ಮುಖ ಅರಳಿತ್ತು. ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲವಲ್ಲ.

"ಮೇಲೆ ಕೆಟ್ಟು ನಿಂತ ಉಪಗ್ರಹಗಳು ಸುಮ್ನೆ ಗಿರಗಿರ ತಿರುಗ್ತಾ ಇರ್ತಾವೆ ಪುಟ್ಟಿ. ಅವನ್ನ ಹಿಡಿಬೇಕು. ಹೇಗೆ ಹಿಡೀತೀಯಾ ಹೇಳು?"

"ಅಂಟು ಹಾಕಿ."

"ಅಲ್ಲಿ ಗಾಳಿ ಇಲ್ಲ. ಬಿಸಿಲಿಗೆ ಬಂದ್ರೆ ಕಾದ ಬಾಣಲೆ, ನೆರಳಿಗೆ ಹೋದ್ರೆ ಮಂಜುಗಡ್ಡೆ. ಅಂಟು ಒಣಗಿ ಪುಡಿಯಾಗುತ್ತೆ."

"ಅಯಸ್ಕಾಂತ?"

"ಉಪಗ್ರಹದ ಮೈಯೆಲ್ಲ ಅಲ್ಯೂಮಿನಿಯಂ, ಗಾಜು. ಅವಕ್ಕೆ ಅಯಸ್ಕಾಂತ ಹಿಡಿಯುತ್ತಾ? ಹಲ್ಲಿ ನೋಡು. ಅಂಟಿಲ್ಲ, ಜೊಲ್ಲಿಲ್ಲ, ಉಗುರು ಊರೋದಿಲ್ಲ. ಗಾಜಿನ ಮೇಲೆ ತಲೆಕೆಳಗಾಗಿ ಮಲಗಿರುತ್ತೆ. ಅದರ ಬೆರಳಿನ ಅಡಿಯಲ್ಲಿ ಕೂದಲು, ಆ ಕೂದಲಿನ ತುದಿಯಲ್ಲಿ ಇನ್ನೂ ಸಣ್ಣ ಕೂದಲು, ಕಣ್ಣಿಗೆ ಕಾಣದಷ್ಟು. ಅವೆಲ್ಲ ಗಾಜನ್ನ ಮುಟ್ಟಿದ್ರೆ ಸಾಕು, ಹಿಡಿದ ಹಾಗೆ. ಮೇಡಂ ಅದೇ ಥರ ರಬ್ಬರಿನ ಪಟ್ಟಿ ಮಾಡ್ತಾ ಇದಾರೆ."

ಮೇಡಂ ಎಂದರೆ ಆ ಕೋಣೆಯ ಇಂಜಿನಿಯರ್. ವಯಸ್ಸಿನಲ್ಲಿ ನನ್ನಷ್ಟೇ ಇರಬಹುದು, ಸಣಕಲು ಹೆಂಗಸು, ತುರುಬಿನಲ್ಲಿ ಯಾವಾಗಲೂ ಒಂದು ಪೆನ್ಸಿಲ್. ಮಾಮನಿಗೆ ಹಲ್ಲಿಯಪ್ಪ ಎಂದು ಹೆಸರಿಟ್ಟವರು ಪಕ್ಕದ ಚಿಪ್ಪಿನವರು. ಮಾಮ ಅದನ್ನು ಬೈಗುಳ ಎಂದು ಎಣಿಸಲಿಲ್ಲ. ಅಪ್ಪ ಎಂದು ಕರೆಯುವವರು ಅವನಿಗೆ ಬೇರೆ ಯಾರಿದ್ದರು?

ಮಾಮನ ಹಿಂದಿನ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ, ದೊಡ್ಡದೇನಿಲ್ಲ. ಹರೆಯದಲ್ಲಿ ಅವನು ಬಣ್ಣದ ಮೀನು ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳು. ನಮ್ಮಮ್ಮನಿಗೆ ಸಂಸಾರ, ಮಕ್ಕಳು. ಹಾಗಾಗಿ ಅಜ್ಜಿಯನ್ನು ನೋಡಿಕೊಳ್ಳುವುದು ತಾನಾಗಿಯೇ ಮಾಮನ ಪಾಲಿಗೆ ಬಂತು. ಯಾರೂ ಅವನನ್ನು ಕೂರಿಸಿ ಕೇಳಲಿಲ್ಲ, ಅವನೂ ಒಲ್ಲೆ ಎನ್ನಲಿಲ್ಲ. ಬೆಳಿಗ್ಗೆ ಎತ್ತಿ ಕೂರಿಸುವುದು, ಮಗ್ಗುಲು ಬದಲಿಸುವುದು, ಸ್ನಾನ ಮಾಡಿಸುವುದು. ನಾನು, ಅಮ್ಮ ಎತ್ತಲು ಹೋದರೆ ಅಜ್ಜಿ ಮಂಚದ ಕಂಬಿಯನ್ನು ಹಿಡಿದುಬಿಡುತ್ತಿದ್ದಳು. ಉಡದ ಪಟ್ಟು. ಒಂದೊಂದೇ ಬೆರಳು ಬಿಡಿಸಬೇಕು, ಬಿಡಿಸಿದರೆ ಅಳು. ಮಾಮ ಬಂದು ಬೆನ್ನಡಿ ಅಂಗೈ ಕೊಟ್ಟರೆ ಕಣ್ಣು ಮುಚ್ಚಿ ಮೈಯನ್ನೆಲ್ಲ ಬಿಟ್ಟುಬಿಡುತ್ತಿದ್ದಳು. ಮದುವೆಯ ಮಾತು ಬಂದಾಗಲೆಲ್ಲ "ಅಮ್ಮನ್ನ ಈ ಸ್ಥಿತಿಲಿ ಇಟ್ಕೊಂಡು ಎಂಥ ಮದುವೆ" ಎಂದ. ಅಜ್ಜಿ ಹೋದ ಮೇಲೆ ಮದುವೆಯ ಮಾತು ಎತ್ತುವವರೇ ಇರಲಿಲ್ಲ. ಮೀನಿನಂಗಡಿಯೂ ಮುಚ್ಚಿತು. ಸಂಶೋಧನಾಲಯದಲ್ಲಿ ಪ್ರಾಣಿ ನೋಡಿಕೊಳ್ಳಲು ಜನ ಬೇಕೆಂದಾಗ ಯಾರೋ ಇವನ ಹೆಸರು ಹೇಳಿದರು.

ಅವನಿದ್ದದ್ದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ. ಕಿಟಕಿ ತೆಗೆದರೆ ಎದುರಿಗೆ ಇನ್ನೊಂದು ಕಟ್ಟಡದ ಗೋಡೆ, ಕೈ ಚಾಚಿದರೆ ಮುಟ್ಟಬಹುದು. ಒಂದು ಮಂಚ, ಒಂದು ಕುರ್ಚಿ. ನಾನು ಹೋದರೆ ಕುರ್ಚಿ ನನಗೆ, ಮಂಚ ಅವನಿಗೆ. ಲೋಟಗಳು ಮಾತ್ರ ಎರಡಿದ್ದವು. ಎರಡನೆಯದರ ತಳದಲ್ಲಿ ಅಂಗಡಿಯ ಚೀಟಿ ಹಾಗೇ ಇತ್ತು, ಎಷ್ಟೋ ವರ್ಷ. ನಾನಲ್ಲದೆ ಬೇರೆ ಯಾರೂ ಅದರಲ್ಲಿ ಚಹಾ ಕುಡಿದಿರಲಿಲ್ಲ ಎಂದು ಹೇಳಲು ಇನ್ನೇನು ಸಾಕ್ಷಿ ಬೇಕು? ರಜೆ ಬಂದರೆ ಹಲ್ಲಿಗಳ ಆಹಾರಕ್ಕೆ ಸಾಕಿದ ಜೀರುಂಡೆಗಳು ಹಸಿದಾವೆಂದು ಚಪ್ಪಲಿ ಡಬ್ಬಿಯಲ್ಲಿ ಹಾಕಿ ಮನೆಗೇ ತರುತ್ತಿದ್ದ. ನಾವು ಮಾತಾಡುತ್ತಿದ್ದರೆ ಮಂಚದ ಕೆಳಗಿಂದ ಅವೂ ಕಿರ್ರೆನ್ನುತ್ತಿದ್ದವು.

"ಇವಕ್ಕೆ ತಿಂಡಿ ಹಾಕಿ ದೊಡ್ಡದು ಮಾಡಿ ಆಮೇಲೆ ಹಲ್ಲಿ ಬಾಯಿಗೆ ಹಾಕ್ತೀಯಲ್ಲ ಮಾಮ, ಪಾಪ ಅನ್ನಿಸಲ್ವಾ?" ಎಂದರೆ, "ಅನ್ನಿಸುತ್ತೆ. ಅದಕ್ಕೇ ಇವಕ್ಕೆ ಹೆಸರಿಟ್ಟಿಲ್ಲ" ಎನ್ನುತ್ತಿದ್ದ.

ಹಲ್ಲಿಗಳಿಗೆ ಹೆಸರಿತ್ತು. ಮನೆ ಗೋಡೆಯ ಹಲ್ಲಿಯಲ್ಲ ಅವು. ಮೊಳಕೈಯಿಂದ ಮಣಿಕಟ್ಟಿನವರೆಗೆ ಬರುವಷ್ಟು ಉದ್ದ, ಬೂದು ಮೈ, ಮೇಲೆ ಕಿತ್ತಳೆ ಬಣ್ಣದ ಚುಕ್ಕೆ, ಸಿಟ್ಟೆಂದರೆ ಸಿಟ್ಟು. ಅವುಗಳಲ್ಲಿ ಎಲ್ಲಕ್ಕಿಂತ ಹಿರಿಯಳ ಹೆಸರು ಮುದುಕಿ. ಬೇರೆಲ್ಲೋ ಪ್ರಯೋಗಕ್ಕಿದ್ದು ಇಲ್ಲಿಗೆ ಬಂದವಳು. ಮಾಮ ಮೊದಲ ದಿನ ಕೈ ಹಾಕಿದಾಗ ಹೆಬ್ಬೆರಳು ಕಚ್ಚಿ ಹಿಡಿದಳಂತೆ. ಚಿಪ್ಪಿನವರು ಓಡಿಬಂದು ಇಕ್ಕಳ ತರಲೇ, ನೀರು ಹಾಕಲೇ ಎಂದು ಗದ್ದಲ ಎಬ್ಬಿಸಿದರೆ ಮಾಮ ಎಲ್ಲರನ್ನೂ ಹೊರಗೆ ಕಳಿಸಿ, ಹೆಬ್ಬೆರಳಿಗೆ ಹಲ್ಲಿ ನೇತು ಹಾಕಿಕೊಂಡು ಸುಮ್ಮನೆ ಕೂತಿದ್ದ.

"ಎಳೀಬಾರದು ಕಣೇ" ಎಂದು ನನಗೆ ಹೇಳಿದ. "ಎಳೆದಷ್ಟೂ ಬಿಗಿ ಹಿಡೀತಾಳೆ. ಅವಳಿಗೆ ಭಯ, ಅಷ್ಟೇ. ನಾವು ಅಲ್ಲಾಡದೆ ಇದ್ರೆ ಒಂದು ಹೊತ್ತಲ್ಲಿ ತಾನೇ ಬಿಡ್ತಾಳೆ."

ಬಿಟ್ಟಳು. ಮತ್ತೆಂದೂ ಅವನನ್ನು ಕಚ್ಚಲಿಲ್ಲ.

ಈಗ ಆ ಕೋಣೆಯಲ್ಲಿ ನಡೆಯುತ್ತಿದ್ದ ಅಳತೆಯ ಬಗ್ಗೆ ಹೇಳಬೇಕು, ಏಕೆಂದರೆ ಎಡವಟ್ಟಾದದ್ದು ಅಲ್ಲೇ. ಒಂದು ಗಾಜಿನ ಹಲಗೆಯನ್ನು ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸುತ್ತಿದ್ದರು. ಅದರ ಮೇಲೆ ಹಲ್ಲಿ. ಹಲ್ಲಿಯ ಸೊಂಟಕ್ಕೊಂದು ಮೆತ್ತನೆ ಪಟ್ಟಿ, ಪಟ್ಟಿಗೆ ದಾರ, ದಾರದ ಇನ್ನೊಂದು ತುದಿ ಯಂತ್ರಕ್ಕೆ. ಯಂತ್ರ ಮೆಲ್ಲಗೆ ಕೆಳಗೆ ಎಳೆಯುತ್ತದೆ. ಹಲ್ಲಿ ಹಿಡಿದೇ ಇರುತ್ತದೆ, ಹಿಡಿದೇ ಇರುತ್ತದೆ, ಕೊನೆಗೆ ಕಾಲು ಜಾರುತ್ತದೆ. ಜಾರುವ ಗಳಿಗೆಯಲ್ಲಿ ಎಷ್ಟು ಬಲವಿತ್ತೋ ಅದು ಪರದೆಯ ಮೇಲೆ ಬೀಳುತ್ತದೆ. ಆ ಬಲವನ್ನು ನೋಡಿಕೊಂಡು ಮೇಡಂ ತಮ್ಮ ರಬ್ಬರ್ ಪಟ್ಟಿಯ ಕೂದಲುಗಳನ್ನು ತಿದ್ದುತ್ತಿದ್ದರು. ಜಾರಿದ ಹಲ್ಲಿ ನೆಲಕ್ಕೆ ಬಿದ್ದು ಪೆಟ್ಟು ಮಾಡಿಕೊಳ್ಳಬಾರದಲ್ಲ, ಅದಕ್ಕೆ ಕೆಳಗೆ ಮಾಮನ ಅಂಗೈ.

ಮೊದಮೊದಲು ಮುದುಕಿಯ ಹಿಡಿತ ಎಲ್ಲರಿಗಿಂತ ಜೋರಾಗಿತ್ತು. ಆಮೇಲೆ ತಿಂಗಳಿಂದ ತಿಂಗಳಿಗೆ ಇಳಿಯುತ್ತ ಬಂತು. ವಯಸ್ಸಾಯಿತು, ಬೆರಳಿನ ಕೂದಲು ಸವೆದಿವೆ ಎಂದು ಮೇಡಂ ಅಂದುಕೊಂಡರು. ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು. ಹಲ್ಲಿಯದೇ ಸವೆದರೆ ರಬ್ಬರಿನದು ಸವೆಯದೇ ಇರುತ್ತದೆಯೇ ಎಂದು ಪಟ್ಟಿಯ ಲೆಕ್ಕವನ್ನೆಲ್ಲ ಅದರ ಮೇಲೆ ಬದಲಾಯಿಸಿದರು. ಪಟ್ಟಿ ದಪ್ಪವಾಯಿತು, ದಪ್ಪವಾದ ಪಟ್ಟಿ ಒಮ್ಮೆ ಹಿಡಿದರೆ ಬಿಡದಾಯಿತು. ಬೇಕೆಂದಾಗ ಹಿಡಿಯಬೇಕು, ಬೇಕೆಂದಾಗ ಬಿಡಬೇಕು, ಅದೇ ಅಲ್ಲವೇ ಹಲ್ಲಿಯ ಜಾಣತನ? ಕೆಲಸ ಕೆಸರಿನಲ್ಲಿ ಹೂತ ಗಾಡಿಯಂತೆ ನಿಂತಿತು.

ಮೇಲಿನವರು ಒಂದು ತೀರ್ಮಾನಕ್ಕೆ ಬಂದರು. ಮುದುಕಿ ಇನ್ನು ಅಳತೆಗೆ ಬರುವುದಿಲ್ಲ. ಬೇರೆ ಊರಿನ ಕಾಲೇಜೊಂದಕ್ಕೆ ಅವಳನ್ನು ಕೊಟ್ಟುಬಿಡುವುದು, ಅವರು ಸವೆದ ಬೆರಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಆ ಭಾನುವಾರ ಮಾಮ ಚಹಾ ಮಾಡಿ ಸಕ್ಕರೆ ಹಾಕುವುದನ್ನು ಮರೆತ. ನಾನು ಕೇಳಿದ ಮೇಲೆ ಹೇಳಿದ.

"ನೋಡೋದಕ್ಕೆ ತಗೊಂಡು ಹೋಗಿ ವಾಪಸ್ ಕೊಡ್ತಾರಾ?" ಎಂದೆ.

"ಅವರಿಗೆ ಬೇಕಾಗಿರೋದು ಕಾಲು ಮಾತ್ರ ಪುಟ್ಟಿ" ಎಂದ. ಎಂದವನು ಖಾಲಿ ಲೋಟವನ್ನು ಎತ್ತಿಕೊಂಡು ತೊಳೆಯಲು ಹೋದ. ಬಹಳ ಹೊತ್ತು ತೊಳೆದ.

ನಾನು ಏನಾದರೂ ಮಾಡಬಹುದೇ ಎಂದು ಯೋಚಿಸಿದೆ. ಏನು ಮಾಡಲು ಸಾಧ್ಯ? ನಾನು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ವಿಭಾಗದವಳು. ಮೂಳೆ ಮುರಿದವರಿಗೆ, ಪಾರ್ಶ್ವವಾಯು ಬಡಿದವರಿಗೆ ಮತ್ತೆ ನಡೆಯುವುದನ್ನು ಕಲಿಸುವುದು ನನ್ನ ಕೆಲಸ. ಹಲ್ಲಿಯ ಪರ ಅರ್ಜಿ ಹಿಡಿದು ಹೋಗಿ ನಿಂತರೆ ಕಾವಲುಗಾರನೇ ಗೇಟಿನಾಚೆ ಕಳಿಸುತ್ತಿದ್ದ.

ಅಷ್ಟರಲ್ಲಿ ಮಾಮನ ಮೊಣಕಾಲು ಕೈಕೊಟ್ಟಿತು. ಜೀರುಂಡೆ ಡಬ್ಬಿ ಹೊತ್ತು ಮೆಟ್ಟಿಲಿಳಿಯುವಾಗ ಕಾಲು ಹೊರಳಿ, ಮರುದಿನಕ್ಕೆ ಕುಂಬಳಕಾಯಿಯ ಹಾಗೆ ಊದಿತು. ನಾನೇ ಬಲವಂತ ಮಾಡಿ ರಜೆ ಹಾಕಿಸಿದೆ. ದಿನಾ ಸಂಜೆ ಹೋಗಿ ವ್ಯಾಯಾಮ ಮಾಡಿಸುತ್ತಿದ್ದೆ. ನಿಜ ಹೇಳಬೇಕೆಂದರೆ ನನ್ನ ರೋಗಿಗಳಲ್ಲಿ ಅಷ್ಟು ಕಷ್ಟದವನು ಇನ್ನೊಬ್ಬ ಬಂದಿರಲಿಲ್ಲ. ಕಾಲನ್ನು ನನ್ನ ಕೈಯಲ್ಲಿ ಬಿಡು ಎಂದರೆ ಬಿಡುತ್ತಿರಲಿಲ್ಲ. ಮರದ ಕೊರಡು. ನಾನು ಎತ್ತುವ ಮೊದಲೇ ತಾನೇ ಎತ್ತಿ, "ನಿಂಗ್ಯಾಕೆ ಭಾರ" ಎನ್ನುತ್ತಿದ್ದ. "ಭಾರ ಎತ್ತೋದಕ್ಕೇ ನಂಗೆ ಸಂಬಳ ಕೊಡೋದು ಮಾಮ" ಎಂದು ಬೈದೆ. ನಕ್ಕ. ಕಾಲು ಮಾತ್ರ ಸಡಿಲವಾಗಲಿಲ್ಲ.

ಮಾಮ ರಜೆಯಲ್ಲಿದ್ದಾಗ ಅವನ ಜಾಗದಲ್ಲಿ ಚಿಪ್ಪಿನ ಕೋಣೆಯ ಸಹಾಯಕ ನಿಂತ. ಗಟ್ಟಿ ಆಳು, ಹಲ್ಲಿ ಕಂಡರೆ ಹೇಸಿಗೆ, ಎರಡೆರಡು ಕೈಗವಸು ಹಾಕಿಕೊಂಡು ಬರುತ್ತಿದ್ದನಂತೆ. ಕಾಲೇಜಿಗೆ ಕಳಿಸುವ ಮುಂಚೆ ಕೊನೆಯದಾಗಿ ಒಮ್ಮೆ ಅಳೆದುಬಿಡೋಣ ಎಂದು ಮೇಡಂ ಮುದುಕಿಯನ್ನು ಗಾಜಿನ ಮೇಲೆ ಬಿಟ್ಟರು. ಯಂತ್ರ ಎಳೆಯಿತು. ಮುದುಕಿ ಹಿಡಿದಳು. ಪರದೆಯ ಮೇಲಿನ ಗೆರೆ ಏರಿತು, ಏರುತ್ತಲೇ ಹೋಯಿತು, ಹಿಂದೆ ಯಾವ ಹಲ್ಲಿಯೂ ತಲುಪದ ಎತ್ತರಕ್ಕೆ ಹೋಯಿತು. ದಾರ ಕಿತ್ತುಬರುವುದೇನೋ ಎಂದು ಮೇಡಂ ತಾವೇ ಯಂತ್ರ ನಿಲ್ಲಿಸಿದರು.

ಸುದ್ದಿ ಕೇಳಿ ಮಾಮ ಕುಂಟಿಕೊಂಡೇ ಓಡಿದ. ನಾನು ಬೇಡವೆಂದರೂ ಕೇಳಲಿಲ್ಲ. ಸಂಜೆ ಬಂದವನ ಮುಖ ಬೇರೆಯೇ ಆಗಿತ್ತು.

ನಡೆದದ್ದು ಇಷ್ಟು. ಮೇಡಂ ಅವನ ಎದುರಿಗೇ ಮತ್ತೊಮ್ಮೆ ಅಳೆದರು. ಮಾಮ ಎಂದಿನಂತೆ ಕೆಳಗೆ ಅಂಗೈ ಒಡ್ಡಿದ. ಯಂತ್ರ ಇನ್ನೂ ಎಳೆಯಲು ಶುರುಮಾಡಿರಲಿಲ್ಲ, ದಾರ ಬಿಗಿಯಾಗಿತ್ತಷ್ಟೆ, ಮುದುಕಿ ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆ ಸುರುಳಿ ಎತ್ತಿ, ಗಾಜನ್ನು ಬಿಟ್ಟು, ಅವನ ಅಂಗೈಗೆ ಬಂದು ಬಿದ್ದಳು. ಮತ್ತೆ ಹತ್ತಿಸಿದರು. ಮತ್ತೆ ಬಿದ್ದಳು. ಮಾಮನನ್ನು ಹೊರಗೆ ಕಳಿಸಿ ಆ ಸಹಾಯಕನನ್ನು ನಿಲ್ಲಿಸಿದರೆ, ಕಿತ್ತರೂ ಬರಲೊಲ್ಲಳು. ಮೇಡಂ ಹಳೆಯ ಗೆರೆಗಳನ್ನೆಲ್ಲ ಪರದೆಗೆ ತಂದು ನೋಡಿದರು. ಉಳಿದ ಹಲ್ಲಿಗಳದೂ ಅದೇ ಕಥೆ, ಸ್ವಲ್ಪ ಸ್ವಲ್ಪ. ಮುದುಕಿಯದು ತುಂಬಾ. ಕೂದಲು ಸವೆದಿರಲಿಲ್ಲ, ವಯಸ್ಸು ಹಿಡಿತವನ್ನು ಕುಗ್ಗಿಸಿಯೂ ಇರಲಿಲ್ಲ. ಆ ಅಂಗೈ ಕೆಳಗಿದ್ದರೆ ಅವಳು ಹಿಡಿದುಕೊಳ್ಳುತ್ತಿರಲಿಲ್ಲ, ಅಷ್ಟೇ. ಬಿದ್ದರೂ ಪರವಾಗಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ತಪ್ಪು ಸಿಕ್ಕಿತು" ಎಂದರಂತೆ ಮೇಡಂ. ಆಮೇಲೆ ಮಾಮನ ಮುಖ ನೋಡಿ, ಪಾಪ, ತೊದಲಿದರು. "ನೀವು ತಪ್ಪು ಮಾಡಿದ್ರಿ ಅಂತಲ್ಲ. ಆದರೆ… ಲೆಕ್ಕದಲ್ಲಿ ಸೇರಿಕೊಂಡಿರೋ ತಪ್ಪು ನೀವೇ."

ಮಾಮ ಇದನ್ನು ನನಗೆ ಹೇಳುವಾಗ ಮಂಚದ ಅಂಚಿನಲ್ಲಿ ಕೂತು ತನ್ನ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ನನಗೆ ಮೈ ಉರಿಯಿತು. ಅವನ ಬದುಕಿನಲ್ಲಿ ಒಂದು ಜೀವ ಅವನನ್ನು ನೆಚ್ಚಿಕೊಂಡಿತು, ಅದನ್ನು ಯಂತ್ರವೂ ಅಳೆದು ತೋರಿಸಿತು, ಅದಕ್ಕೆ ಆ ಕೋಣೆಯವರು ಇಟ್ಟ ಹೆಸರು 'ತಪ್ಪು'! ಆದರೆ ನ್ಯಾಯವಾಗಿ ಹೇಳಬೇಕಾದರೆ ಮೇಡಂ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೇಲೆ ತಿರುಗುವ ಉಪಗ್ರಹಕ್ಕೆ ಕೆಳಗೆ ಅಂಗೈ ಒಡ್ಡುವವರು ಯಾರೂ ಇರುವುದಿಲ್ಲ. ಅವರಿಗೆ ಬೇಕಿದ್ದದ್ದು ಭಯಪಟ್ಟ ಹಲ್ಲಿಯ ಹಿಡಿತ.

"ಈಗೇನು ಮಾಡ್ತಾರಂತೆ?" ಎಂದೆ.

"ಎರಡು ದಾರಿ ಅಂದ್ರು. ಮುದುಕೀನ ಬಿಟ್ಟು ಬೇರೆ ಹೊಸ ಹಲ್ಲಿ ತರೋದು, ನಾನು ಅವನ್ನ ಹೆಚ್ಚು ಮುಟ್ಟದ ಹಾಗೆ ನೋಡ್ಕೊಳ್ಳೋದು. ಇಲ್ಲಾಂದ್ರೆ ಮುದುಕೀನ ಇಟ್ಕೊಂಡು…"

"ನಿನ್ನ ಬಿಡೋದು."

"ನಾನು ಆಗಲೇ ಹೇಳಿ ಬಂದೆ" ಎಂದ ಮಾಮ. "ನಾನೇ ಹೊರಗೆ ಹೋಗ್ತೀನಿ, ಅವಳನ್ನ ಕಾಲೇಜಿಗೆ ಕಳಿಸಬೇಡಿ ಅಂದೆ."

ಒಂದು ಮಾತೂ ಚೌಕಾಶಿ ಮಾಡಿರಲಿಲ್ಲ. ಯಾರಾದರೂ ಕೇಳುವ ಮೊದಲೇ ಬಿಟ್ಟುಕೊಡುವುದು ಅವನಿಗೆ ಅಭ್ಯಾಸವಾಗಿ ಹೋಗಿತ್ತು. ಅಜ್ಜಿಯ ಕಾಲದಿಂದಲೂ.

ಬರೀ ಕೋಣೆ ಬಿಟ್ಟರೆ ಸಾಲದಾಯಿತು. ಅವನು ಹಾಕಿದ ಜೀರುಂಡೆಯ ಮೇಲೂ ಅವನ ಕೈಯ ವಾಸನೆ ಇರುತ್ತದೆ ಎಂದು ಮೇಡಂಗೆ ಅನುಮಾನ. ಹಾಗಾಗಿ ಆಹಾರ ಹಾಕುವುದೂ ತಪ್ಪಿತು. ಅವನನ್ನು ಕಾರಿಡಾರಿನ ಆ ತುದಿಯಲ್ಲಿ, ಪ್ರಯೋಗಕ್ಕೆ ಬಳಸುವ ಗಾಜು ಮತ್ತು ರಬ್ಬರ್ ಪಟ್ಟಿಗಳನ್ನು ತೊಳೆದು ಒಣಗಿಸುವ ಕೋಣೆಗೆ ಹಾಕಿದರು. ಒಂದು ಚೂರು ಧೂಳು, ಒಂದು ಬೆರಳಚ್ಚು ಉಳಿದರೂ ಪಟ್ಟಿ ಹಿಡಿಯುವುದಿಲ್ಲ. ಹಾಗಾಗಿ ತಾನು ಮುಟ್ಟಿದ ಗುರುತನ್ನು ಒರೆಸುವುದೇ ಅವನ ಹೊಸ ಕೆಲಸವಾಯಿತು. ಇದನ್ನು ನಾನು ಬೇಕೆಂದೇ ಸೇರಿಸಿ ಹೇಳುತ್ತಿಲ್ಲ, ಇದ್ದದ್ದೇ ಹಾಗೆ.

ಹಲ್ಲಿ ಕೋಣೆಯ ಬಾಗಿಲಿಗೆ ಒಂದು ಸಣ್ಣ ಗಾಜಿನ ಕಿಂಡಿ ಇತ್ತು. ಮೊದಲ ವಾರ ಮಾಮ ಊಟದ ಹೊತ್ತಿಗೆ ಅಲ್ಲಿ ಬಂದು ಇಣುಕುತ್ತಿದ್ದನಂತೆ. ಮುದುಕಿ ತನ್ನ ಗಾಜಿನ ಪೆಟ್ಟಿಗೆಯ ಈ ಬದಿಗೆ ಬಂದು ಗಾಜಿಗೆ ಗದ್ದ ಒತ್ತಿ ಕೂರುತ್ತಿದ್ದಳಂತೆ. ಅದನ್ನು ಕಂಡ ದಿನದಿಂದ ಮಾಮ ಆ ಕಡೆ ಹೋಗುವುದನ್ನು ಬಿಟ್ಟ. ಮನೆಗೆ ಹೋಗುವಾಗ ಗೇಟಿಗೆ ಹತ್ತಿರದ ಮೆಟ್ಟಿಲು ಆ ಬಾಗಿಲ ಎದುರೇ ಇತ್ತು. ನೋಯುವ ಮೊಣಕಾಲಿಟ್ಟುಕೊಂಡು ಆಚೆ ಮೆಟ್ಟಿಲಲ್ಲಿ ಇಳಿದು ಕಟ್ಟಡ ಸುತ್ತಿ ಹೋಗುತ್ತಿದ್ದ. "ಅವಳು ನನ್ನ ಮರೀಬೇಕು ಕಣೇ. ಮರೆತಷ್ಟೂ ಅವಳಿಗೆ ಒಳ್ಳೇದು" ಎಂದ. ಆಗ ಅವನ ಕೋಣೆಯಲ್ಲಿ ಎಂಥ ಮೌನ! ಮಂಚದ ಕೆಳಗೆ ಜೀರುಂಡೆ ಡಬ್ಬಿಯೂ ಇರಲಿಲ್ಲ. ಕೆಳಗಿನ ಅಂಗಡಿಯಲ್ಲಿ ಯಾರೋ ಸೈಕಲ್ಲಿನ ಚಕ್ರ ತಿರುಗಿಸಿ ನೋಡುವ ಸದ್ದು ಮಾತ್ರ. ನಾನು ಬಾಯಿಗೆ ಬಂದದ್ದೆಲ್ಲ ಹರಟುತ್ತಿದ್ದೆ, ಅವನು ಹೂಂಗುಟ್ಟುತ್ತಿದ್ದ.

ಎರಡು ಬೇಸಿಗೆ ಕಳೆದವು. ಮುದುಕಿಯ ನಿಜವಾದ ಹಿಡಿತ ತಿಳಿದ ಮೇಲೆ ಪಟ್ಟಿ ಮತ್ತೆ ತೆಳ್ಳಗಾಯಿತು, ಹಿಡಿದು ಬಿಡುವುದನ್ನು ಕಲಿಯಿತು. ಗಾಳಿ ತೆಗೆದ ಡಬ್ಬಿಯಲ್ಲಿಟ್ಟು ಕಾಯಿಸಿದರು, ಹೆಪ್ಪುಗಟ್ಟಿಸಿದರು, ಎಲ್ಲದಕ್ಕೂ ಜಗ್ಗಲಿಲ್ಲ. ಒಂದು ದಿನ ಅದನ್ನು ಹೊತ್ತ ಯಂತ್ರದ ಕೈ ಮೇಲೆ ಹೋಗಿ, ಕೆಟ್ಟು ಗಿರಕಿ ಹೊಡೆಯುತ್ತಿದ್ದ ಹಳೆಯ ಉಪಗ್ರಹವೊಂದರ ಬೆನ್ನಿಗೆ ಅಂಗೈ ಇಟ್ಟಿತು. ಹಿಡಿಯಿತು, ಗಿರಕಿ ನಿಲ್ಲಿಸಿತು, ಬಿಡು ಎಂದಾಗ ಬಿಟ್ಟಿತು. ದೊಡ್ಡ ಪರದೆಯಲ್ಲಿ ಎಲ್ಲರೂ ನೋಡಿದರು, ಕುಣಿದಾಡಿದರು. ಮಾಮ ಹಿಂದಿನ ಸಾಲಿನಲ್ಲಿ ನಿಂತು ನೋಡಿದ. ನಮ್ಮಮ್ಮ ಅಂದಿನಿಂದ ವರಸೆ ಬದಲಿಸಿದಳು. ಬಂದವರ ಹತ್ತಿರವೆಲ್ಲ, "ಅದು ನನ್ನ ತಮ್ಮನ ಹಲ್ಲಿ!" ಎನ್ನುವಳು. ಈಗ ಯಾರೂ ಕೇಳುವುದೂ ಬೇಕಿರಲಿಲ್ಲ, ತಾನೇ ಶುರು ಮಾಡುವಳು.

ಕೆಲಸ ಮುಗಿಯಿತೆಂದರೆ ಹಲ್ಲಿ ಕೋಣೆಯೂ ಮುಗಿಯಿತು. ಹಲ್ಲಿಗಳನ್ನು ಒಂದು ಮೃಗಾಲಯಕ್ಕೆ ಒಪ್ಪಿಸುವುದೆಂದಾಯಿತು. ಅಲ್ಲಿ ಅವುಗಳಿಗೆ ದೊಡ್ಡ ಗಾಜಿನ ಮನೆ, ನಿಜವಾದ ಮರ. ಮಾಮನ ನಿವೃತ್ತಿಯೂ ಅದೇ ತಿಂಗಳು ಬಂತು. ಕೊನೆಯ ದಿನ ಅವನು ಮೇಡಂ ಹತ್ತಿರ ಒಂದೇ ಒಂದು ಕೇಳಿಕೊಂಡ, ಹೋಗುವ ಮುಂಚೆ ಮುದುಕಿಯನ್ನು ಒಮ್ಮೆ ಕೈಯಲ್ಲಿ ಹಿಡಿಯಬೇಕು ಎಂದು. ಇನ್ನು ಯಾವ ಲೆಕ್ಕ ಕೆಡುವುದಿತ್ತು? ಮೇಡಂ ತಾವೇ ಬೀಗ ತೆಗೆದರು. ಅವನನ್ನು ಮನೆಗೆ ಕರೆದುಕೊಂಡು ಹೋಗಲು ಬಂದಿದ್ದ ನನ್ನನ್ನೂ ಒಳಗೆ ಬಿಟ್ಟರು.

ಮಾಮ ತೊಳೆದ ಬಿಳಿ ಅಂಗಿ ಹಾಕಿದ್ದ. ಬೆಳಿಗ್ಗೆಯಿಂದ ಸೋಪು ಮುಟ್ಟಿರಲಿಲ್ಲವಂತೆ, ಕೈಯ ವಾಸನೆ ಹೋಗಬಾರದೆಂದು.

ಪೆಟ್ಟಿಗೆಯ ಒಳಗೋಡೆಯಲ್ಲಿ ಮುದುಕಿ ನೆಟ್ಟಗೆ ಅಂಟಿಕೊಂಡಿದ್ದಳು. ಅವನು ಮುಚ್ಚಳ ಸರಿಸಿ, ಅವಳ ಕೆಳಗೆ ಅಂಗೈ ಒಡ್ಡಿ ನಿಂತ. "ಬಾ" ಎಂದ. ಅವಳು ಬರಲಿಲ್ಲ. ಬೆರಳುಗಳನ್ನು ಇನ್ನಷ್ಟು ಅಗಲಿಸಿ ಗಾಜಿಗೆ ಹೊಟ್ಟೆ ಒತ್ತಿದಳು. ಗಂಟಲು ಬಡಬಡ ಬಡಿದುಕೊಳ್ಳುತ್ತಿತ್ತು. ಮಾಮ ಇನ್ನೊಂದು ಕೈಯ ತೋರುಬೆರಳಿನಿಂದ ಅವಳ ಬೆನ್ನನ್ನು ಕೆಳಮುಖವಾಗಿ ಸವರಿದ. ಬಾಯಿ ತೆರೆದು ಬುಸ್ಸೆಂದಳು. ಗಾಜು ಬಿಡಲಿಲ್ಲ.

ಮೇಡಂ ಕಿಟಕಿಯ ಕಡೆ ತಿರುಗಿಕೊಂಡರು.

"ಎಂಥ ಹಿಡಿತ ನೋಡಿ ಮೇಡಂ" ಎಂದ ಮಾಮ. ದನಿಯಲ್ಲಿ ಹೆಮ್ಮೆ ಇತ್ತು, ಸುಳ್ಳು ಹೆಮ್ಮೆಯಲ್ಲ. "ಈ ವಯಸ್ಸಲ್ಲೂ!"

ಸ್ವಲ್ಪ ಹೊತ್ತು ಕೈಯನ್ನು ಅಲ್ಲೇ ಇಟ್ಟುಕೊಂಡಿದ್ದ. ಆಮೇಲೆ ಹಿಂದಕ್ಕೆ ತೆಗೆದು ಮುಚ್ಚಳ ಹಾಕಿದ. ಗಾಜಿನ ಮೇಲೆ ತನ್ನ ಬೆರಳಚ್ಚು ಬಿದ್ದದ್ದು ಕಂಡು, ಜೇಬಿನಿಂದ ಬಟ್ಟೆ ತೆಗೆದು ಒರೆಸಿದ. ಅಭ್ಯಾಸಬಲ. ಮೇಡಂ ಕೈ ಮುಗಿದರು. ಮಾಮನೂ ಮುಗಿದ.

ಈಗ ಸುತ್ತಿ ಹೋಗುವ ಕಾರಣವಿರಲಿಲ್ಲ, ಹತ್ತಿರದ ಮೆಟ್ಟಿಲಿನಲ್ಲೇ ಇಳಿದೆವು. ಚಿಪ್ಪಿನವರು ಕೊಟ್ಟ ಹೂಗುಚ್ಛ ನನ್ನ ಕೈಯಲ್ಲಿ, ಖಾಲಿ ಊಟದ ಡಬ್ಬಿ ಅವನ ಹೆಗಲ ಚೀಲದಲ್ಲಿ. ಮೊದಲ ತಿರುವಿನಲ್ಲಿ ಅವನ ಮೊಣಕಾಲು ಮಡಚಿತು. ನಾನು ಹೂವನ್ನು ಅಲ್ಲೇ ಹಾಕಿ ಅವನ ತೋಳಿನಡಿ ಕೈ ಕೊಟ್ಟೆ. ಬೀಳಲಿಲ್ಲ, ಸದ್ಯ. ಆದರೆ ಅವನ ಇನ್ನೊಂದು ಕೈ ಮೆಟ್ಟಿಲಿನ ಕಂಬಿ ಹಿಡಿದಿತ್ತು. ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು. ತೋಳು ಕಬ್ಬಿಣದ ಹಾಗೆ ಬಿಗಿದಿತ್ತು, ಗುಲಗಂಜಿ ತೂಕವೂ ನನ್ನ ಮೇಲೆ ಬಿದ್ದಿರಲಿಲ್ಲ.

"ಭಾರ ನನ್ನ ಮೇಲೆ ಬಿಡು ಮಾಮ" ಎಂದೆ.

"ಬೇಡ ಪುಟ್ಟಿ. ನಾನು ಗಟ್ಟಿಯಾಗೇ ಇದೀನಿ."

"ನಾನು ಹಿಡ್ಕೊಂಡಿದೀನಿ."

"ಗೊತ್ತು" ಎಂದ. ಕಂಬಿ ಬಿಡಲಿಲ್ಲ.

ದಿನಕ್ಕೆ ಎಷ್ಟೋ ಜನರ ಕೈಯನ್ನು ಕಂಬಿಯಿಂದ ಬಿಡಿಸುವವಳು ನಾನು. ಹೇಗೆ ಬೆರಳು ಎತ್ತಬೇಕು, ಎಲ್ಲಿ ಒತ್ತಬೇಕು ಎಲ್ಲ ಬಲ್ಲೆ. ಅಜ್ಜಿಯನ್ನು ಎತ್ತಿದ, ಮುದುಕಿಯನ್ನು ಹಿಡಿದ ಈ ಮನುಷ್ಯನ ಕೆಳಗೆ ಈವರೆಗೂ ಯಾರೂ ಅಂಗೈ ಒಡ್ಡಿರಲಿಲ್ಲ ಎಂಬುದು ನನಗೆ ಆ ಮೆಟ್ಟಿಲ ಮೇಲೆ, ಅಷ್ಟು ತಡವಾಗಿ, ಹೊಳೆಯಿತು. ಅವನ ತೋಳಿನಡಿ ಕೈ ಇಟ್ಟುಕೊಂಡು, ಎಳೆಯದೆ, ಅಲ್ಲಾಡದೆ ನಿಂತೆ.

ಕೆಳಗೆ ರಸ್ತೆಯಲ್ಲಿ ನಮ್ಮ ಬಸ್ಸು ಬಂದು ಹೋಯಿತು. ನಾವು ನಿಂತೇ ಇದ್ದೆವು.